ಟೈನ್ ದಂಡೆಯ ಮರಕೆತ್ತನೆಗಾರನ ಊರುಗಳಲ್ಲಿ ಐದು ದಿನ

ಮೊದಲ ದಿನ: ಅಮೆನ್ ಕಾರ್ನರ್

ಈಶಾನ್ಯ ಇಂಗ್ಲೆಂಡಿನಲ್ಲಿ ಟೈನ್ ನದಿಯ ದಂಡೆಯ ಊರು ನ್ಯೂಕಾಸಲ್. ಅಲ್ಲಿನ ರೈಲು ನಿಲ್ದಾಣದಿಂದ ಹೊರಬಿದ್ದು ಬಲಕ್ಕೆ ಕೆಲವು ನಿಮಿಷ ನಡೆದರೆ ಸೇಂಟ್ ನಿಕೋಲಸ್ ಕೆಥೆಡ್ರಲ್. ಅದರ ಅಂಗಳದ ಆಗ್ನೇಯ ಮೂಲೆಗೆ ಅಮೆನ್ ಕಾರ್ನರ್ ಎಂದು ಹೆಸರು. ಮುಂದೆ ಹಕ್ಕಿಗಳನ್ನು ಮರದಲ್ಲಿ ಕೆತ್ತಿ ಹೆಸರಾದ ಥಾಮಸ್ ಬ್ಯೂಯಿಕ್ 1767ರ ಅಕ್ಟೋಬರ್ 1ರಂದು, ಹದಿನಾಲ್ಕರ ಹುಡುಗನಾಗಿ, ಇಲ್ಲಿ ಅಂಗಡಿ ಇಟ್ಟಿದ್ದ ಈ ಊರಿನ ಕೆತ್ತನೆಗಾರ ರಾಲ್ಫ್ ಬೀಲ್ಬಿಯ ಬಳಿ ಏಳು ವರ್ಷದ ಕಲಿಕೆಗೆ ಸೇರಿದ. ಸೇರಿಸಲು ಕೊಟ್ಟ 20 ಪೌಂಡ್ ಅವನ ಅಜ್ಜಿ ಅದಕ್ಕೆಂದೇ ಬಿಟ್ಟುಹೋಗಿದ್ದ ಹಣ. ಆ ಹಳೆಯ ಅಂಗಡಿ ಈಗಿಲ್ಲ, ನೆನಪಿನ ಗುರುತು ಮಾತ್ರ ಇದೆ. ಆದರೂ ಪ್ರವಾಸವನ್ನು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ಬ್ಯೂಯಿಕ್ ಹಕ್ಕಿಗಳ ಚಿತ್ರಗಾರನಾಗುವುದಕ್ಕೆ ಮೊದಲು ಒಬ್ಬ ಕಸುಬುದಾರನಾಗಿದ್ದ, ಅದು ಈ ಮೂಲೆಯಲ್ಲಿ ನಿಂತಾಗ ಮನಸ್ಸಿಗೆ ಬರುತ್ತದೆ.

ಬೀಲ್ಬಿಯ ಅಂಗಡಿಗೆ ಬರುತ್ತಿದ್ದ ಕೆಲಸ ನೂರಾರು ಬಗೆಯದು: ಬೆಳ್ಳಿ ಪಾತ್ರೆಗಳ ಮೇಲೆ ಮನೆತನದ ಲಾಂಛನ, ಗಡಿಯಾರದ ಮುಖ, ಶವಪೆಟ್ಟಿಗೆಯ ತಗಡು, ವ್ಯಾಪಾರಿಗಳ ಬಿಲ್ಲಿನ ತಲೆಬರಹ, ಮುದ್ರೆಯೊತ್ತುವ ಸೀಲು, ನಾಯಿಯ ಕೊರಳಪಟ್ಟಿಯ ಹೆಸರು. ಬೀಲ್ಬಿಯ ಕೈ ಲೋಹಕ್ಕೆ ಒಗ್ಗಿದ್ದು. ಮರದ ಕೆಲಸ ಬಂದರೆ ಅದನ್ನು ಹುಡುಗನ ಕಡೆಗೆ ತಳ್ಳುತ್ತಿದ್ದ. ಚಾರ್ಲ್ಸ್ ಹಟನ್ ಎಂಬ ಗಣಿತದ ಮೇಷ್ಟ್ರು ತಮ್ಮ ಕ್ಷೇತ್ರಗಣಿತದ ಪುಸ್ತಕಕ್ಕೆ ರೇಖಾಚಿತ್ರಗಳನ್ನು ಮರದಲ್ಲಿ ಕೆತ್ತಿಸಿಕೊಂಡಾಗ ಆ ಕೆಲಸ ಬ್ಯೂಯಿಕ್ ಪಾಲಿಗೆ ಬಂತು. ತ್ರಿಕೋನ, ವೃತ್ತ, ಛೇದ ಇಷ್ಟೇ. ಆದರೆ ಬಿಳಿ ಹಿನ್ನೆಲೆಯಲ್ಲಿ ಒಂದು ತೆಳು ಕಪ್ಪು ಗೆರೆ ನಿಲ್ಲಿಸುವುದು ಮರದಲ್ಲಿ ಬಲು ಕಷ್ಟ. ಗೆರೆಯ ಎರಡೂ ಪಕ್ಕ ಕೆತ್ತಿ ತೆಗೆದು, ನಡುವೆ ಕೂದಲಷ್ಟು ದಪ್ಪದ ಗೋಡೆಯೊಂದನ್ನು ಉಳಿಸಬೇಕು. ಗೋಡೆಯ ಬುಡವನ್ನು ಒಳಕ್ಕೆ ಕೊರೆದರೆ ಅಚ್ಚಿನ ಒತ್ತಡಕ್ಕೆ ಅದು ಮುರಿಯುತ್ತದೆ, ಆದ್ದರಿಂದ ಎರಡೂ ಬದಿ ಇಳಿಜಾರಾಗಿ ಇರಬೇಕು. ವರ್ಷಗಟ್ಟಲೆ ಈ ಕೆಲಸ ಮಾಡಿದವನಿಗೆ ಉಳಿಯ ಮೇಲೆ ಹಿಡಿತ ಬರದೆ ಇರುವುದಿಲ್ಲ.

ತಾಮ್ರಕ್ಕೂ ಮರಕ್ಕೂ ಇರುವ ಮುಖ್ಯ ವ್ಯತ್ಯಾಸವನ್ನು ಮೊದಲ ದಿನವೇ ತಿಳಿದುಕೊಂಡರೆ ಮುಂದಿನ ನಾಲ್ಕು ದಿನ ನೋಡುವುದೆಲ್ಲ ಅರ್ಥವಾಗುತ್ತದೆ. ತಾಮ್ರದ ತಗಡಿನಲ್ಲಿ ಕೊರೆದ ಗೆರೆಯೊಳಗೆ ಶಾಯಿ ನಿಲ್ಲುತ್ತದೆ, ಮೇಲ್ಮೈಯನ್ನು ಒರೆಸುತ್ತಾರೆ. ಒದ್ದೆ ಕಾಗದವನ್ನು ಉರುಳೆ ಯಂತ್ರದಲ್ಲಿ ಬಲವಾಗಿ ಒತ್ತಿದಾಗ ಕಾಗದ ಗೆರೆಯೊಳಗೆ ಇಳಿದು ಶಾಯಿಯನ್ನು ಎತ್ತಿಕೊಳ್ಳುತ್ತದೆ. ಮರದಲ್ಲಿ ಇದು ತಿರುವುಮುರುವು. ಮೇಲ್ಮೈಗೆ ಶಾಯಿ, ಕೊರೆದ ಗೆರೆಗೆ ಏನೂ ಇಲ್ಲ. ಉಳಿ ಹೋದ ಜಾಗವೆಲ್ಲ ಬಿಳಿ. ಮರದ ಅಚ್ಚನ್ನು ಅಕ್ಷರದ ಮೊಳೆಗಳಷ್ಟೇ ಎತ್ತರಕ್ಕೆ ಕೊಯ್ದರೆ (ಇಂಗ್ಲಿಷ್ ಅಚ್ಚುಕೂಟದ ಅಳತೆ 0.918 ಅಂಗುಲ, ಸುಮಾರು 23.3 ಮಿಲಿಮೀಟರ್) ಮೊಳೆಗಳ ಜೊತೆಯಲ್ಲೇ ಚೌಕಟ್ಟಿಗೆ ಬಿಗಿದು ಒಂದೇ ಏಟಿಗೆ ಬರಹವನ್ನೂ ಚಿತ್ರವನ್ನೂ ಮುದ್ರಿಸಬಹುದು. ತಾಮ್ರದ ಚಿತ್ರಗಳಾದರೆ ಬೇರೆ ಯಂತ್ರ, ಬೇರೆ ಹಾಳೆ, ಬೇರೆ ಖರ್ಚು. ಕೊನೆಗೆ ಅವು ಪುಸ್ತಕದಲ್ಲಿ ಎಲ್ಲೋ ಒಂದು ಕಡೆ ಸೇರಿಕೊಳ್ಳುತ್ತವೆ. ಹಕ್ಕಿಯ ವಿವರಣೆಯ ನೆತ್ತಿಯ ಮೇಲೆಯೇ ಆ ಹಕ್ಕಿ ಕೂತಿರುವ ಪುಸ್ತಕ, ಸಾಧಾರಣ ಮನೆಯವರೂ ಕೊಳ್ಳಬಹುದಾದ ಬೆಲೆಗೆ, ಮರದಿಂದಲೇ ಸಾಧ್ಯವಾಯಿತು.

ಸಂಜೆಗೆ ವೆಸ್ಟ್‌ಗೇಟ್ ರಸ್ತೆಯ ಲಿಟರರಿ ಅಂಡ್ ಫಿಲಾಸಫಿಕಲ್ ಸೊಸೈಟಿಗೆ ಹೋಗಬಹುದು. ಊರಿನವರು ಲಿಟ್ ಅಂಡ್ ಫಿಲ್ ಎನ್ನುತ್ತಾರೆ. 1793ರಲ್ಲಿ ಹುಟ್ಟಿದ ಸಂಸ್ಥೆ, ಈಗಿನ ಕಟ್ಟಡ 1825ರದು. ಬ್ಯೂಯಿಕ್ ಇದರ ಸದಸ್ಯನಾಗಿದ್ದ. ಶಿಲ್ಪಿ ಬೇಲಿ ಅಮೃತಶಿಲೆಯಲ್ಲಿ ಕಡೆದ ಅವನ ಅರ್ಧಪ್ರತಿಮೆ ಇಲ್ಲಿದೆ. ಅಗಲ ಹಣೆ, ದಪ್ಪ ಕತ್ತು. ಹಳ್ಳಿಯ ರೈತನ ಮೈಕಟ್ಟು.

ಎರಡನೆಯ ದಿನ: ಓವಿಂಗ್‌ಹ್ಯಾಮ್, ಚೆರ್ರಿಬರ್ನ್

ನ್ಯೂಕಾಸಲ್‌ನಿಂದ ಕಾರ್ಲೈಲ್ ಕಡೆಗೆ ಹೋಗುವ ರೈಲು ಟೈನ್ ನದಿಯ ಜೊತೆಜೊತೆಗೇ ಸಾಗುತ್ತದೆ. ಪ್ರಡ್ಹೋ ನಿಲ್ದಾಣದಲ್ಲಿ ಇಳಿದು ಸೇತುವೆ ದಾಟಿದರೆ ಓವಿಂಗ್‌ಹ್ಯಾಮ್. ಬರೆಯುವುದು ಹಾಗೆ, ಊರವರ ಬಾಯಲ್ಲಿ ಅದು ಓವಿಂಜಮ್. ಸೇಂಟ್ ಮೇರಿ ಚರ್ಚಿನ ಎತ್ತರದ ಗೋಪುರ ಸ್ಯಾಕ್ಸನ್ ಕಾಲದ್ದು. ಪಕ್ಕದ ಪಾದ್ರಿಮನೆಯಲ್ಲಿ ಕ್ರಿಸ್ಟೊಫರ್ ಗ್ರೆಗ್ಸನ್ ಎಂಬ ಪಾದ್ರಿ ಪಾಠ ಹೇಳುತ್ತಿದ್ದರು. ಬ್ಯೂಯಿಕ್ ಓದಿದ್ದು ಅಲ್ಲಿ. ಪುಸ್ತಕದ ಅಂಚಿನ ಬಿಳಿ ಜಾಗ ಮುಗಿದ ಮೇಲೆ ಸಮಾಧಿ ಕಲ್ಲುಗಳ ಮೇಲೂ ಚರ್ಚಿನ ಮೊಗಸಾಲೆಯ ನೆಲದ ಮೇಲೂ ಸೀಮೆಸುಣ್ಣದಲ್ಲಿ ಚಿತ್ರ ಬಿಡಿಸುತ್ತಿದ್ದನಂತೆ. ಕಪ್ಪು ಕಲ್ಲಿನ ಮೇಲೆ ಬಿಳಿ ಗೆರೆ! ಮುಂದೆ ಅವನ ಕೆಲಸವನ್ನೆಲ್ಲ ನೋಡಿದವರಿಗೆ ಈ ವಿವರ ಮರೆಯುವಂಥದ್ದಲ್ಲ. ಅವನ ಹೆಂಡತಿ ಇಸಾಬೆಲ್ಲಾ ಎಲಿಯಟ್ ಇದೇ ಊರಿನವಳು, ಮದುವೆ 1786ರಲ್ಲಿ. ಇಬ್ಬರ ಸಮಾಧಿಯೂ ಇದೇ ಚರ್ಚಿನ ಅಂಗಳದಲ್ಲಿ.

ಮತ್ತೆ ನದಿಯ ದಕ್ಷಿಣ ದಂಡೆಗೆ ಬಂದು ಪಶ್ಚಿಮಕ್ಕೆ ಎರಡು ಮೈಲಿಯಷ್ಟು ನಡೆದರೆ ಮಿಕ್ಲಿ. ಅದರ ಕೆಳಗಿನ ಇಳಿಜಾರಿನಲ್ಲಿ ಚೆರ್ರಿಬರ್ನ್, ಬ್ಯೂಯಿಕ್ 1753ರ ಆಗಸ್ಟ್‌ನಲ್ಲಿ ಹುಟ್ಟಿದ ಮನೆ. ಎಂಟು ಮಕ್ಕಳಲ್ಲಿ ಇವನೇ ಹಿರಿಯ. ತಂದೆ ಗೇಣಿ ಜಮೀನು ಮಾಡುತ್ತಿದ್ದ, ಜೊತೆಗೆ ಮಿಕ್ಲಿ ದಿಬ್ಬದ ಮೇಲೆ ಒಂದು ಚಿಕ್ಕ ಕಲ್ಲಿದ್ದಲ ಗಣಿಯನ್ನೂ ನಡೆಸುತ್ತಿದ್ದ. ಹಳೆಯ ಮನೆಯ ಒಂದು ಭಾಗವೂ ಪಕ್ಕದ ಕೊಟ್ಟಿಗೆಯೂ ಉಳಿದಿವೆ. ಪಕ್ಕದಲ್ಲಿ ಹತ್ತೊಂಬತ್ತನೆಯ ಶತಮಾನದ ದೊಡ್ಡ ಮನೆ. ಎಲ್ಲವೂ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವಶದಲ್ಲಿವೆ. ವಾರದ ಎಲ್ಲ ದಿನವೂ ತೆರೆದಿರುವ ಜಾಗವಲ್ಲ ಇದು, ದಿನ ನೋಡಿಕೊಂಡೇ ಹೊರಡಬೇಕು.

ಕಲಿಕೆ ಮುಗಿಸಿದ ಮೇಲೆ ಬ್ಯೂಯಿಕ್ ಒಮ್ಮೆ ಸ್ಕಾಟ್ಲೆಂಡ್ ಸುತ್ತಿ ಬಂದ, 1776ರ ಅಕ್ಟೋಬರ್‌ನಲ್ಲಿ ಲಂಡನ್ನಿಗೂ ಹೋದ. ಲಂಡನ್ ಅವನಿಗೆ ಹಿಡಿಸಲಿಲ್ಲ. ಮರುವರ್ಷ ಜೂನ್‌ನಲ್ಲಿ ಮರಳಿ ಬಂದು ಬೀಲ್ಬಿಯ ಜೊತೆ ಪಾಲುದಾರನಾದ. ಅಲ್ಲಿಂದ 1785ರಲ್ಲಿ ತಂದೆತಾಯಿ ಇಬ್ಬರೂ ತೀರಿಕೊಳ್ಳುವವರೆಗೆ ವಾರವಾರವೂ ನ್ಯೂಕಾಸಲ್‌ನಿಂದ ಇಲ್ಲಿಗೆ 12 ಮೈಲಿಯಷ್ಟು ದಾರಿಯನ್ನು ಮಳೆ, ಹಿಮ, ನೆರೆ ಎನ್ನದೆ ನಡೆದು ಬರುತ್ತಿದ್ದ. ಅವನ ಪುಸ್ತಕಗಳ ಪುಟ್ಟ ಚಿತ್ರಗಳನ್ನು ಬಲ್ಲವರು ಈ ದಾರಿಯಲ್ಲಿ ನಡೆದರೆ ಹೆಜ್ಜೆಹೆಜ್ಜೆಗೂ ಗುರುತು ಸಿಗುತ್ತದೆ: ಬೇಲಿ ದಾಟಲು ಇಟ್ಟ ಕಲ್ಲುಮೆಟ್ಟಿಲು, ಹೊಳೆಗೆ ಬಾಗಿದ ಮರದ ಕೊಂಬೆ, ಹಿಮದಲ್ಲಿ ಕುಗ್ಗಿ ನಿಂತ ಕುರಿ, ಹೊಳೆ ದಾಟುವ ಮನುಷ್ಯ.

ಚೆರ್ರಿಬರ್ನ್‌ನಲ್ಲಿ ಅಚ್ಚುಯಂತ್ರವಿದೆ. ಮರದ ಅಚ್ಚನ್ನು ಹತ್ತಿರದಿಂದ ನೋಡಲು ಇದು ಸರಿಯಾದ ಜಾಗ. ಹಾಗಾಗಿ ಮರದ ಬಗ್ಗೆ ಇಲ್ಲೇ ಸ್ವಲ್ಪ ವಿವರವಾಗಿ ಹೇಳಬೇಕು.

ಮರ ಎಂದರೆ ಬಾಕ್ಸ್ ಮರ. ಬಹಳ ನಿಧಾನ ಬೆಳೆಯುವ, ಹಳದಿ ಬಣ್ಣದ, ದಂತದಷ್ಟು ಬಿಗಿಯಾದ ಮರ. ಇದನ್ನು ಹಲಗೆಯಾಗಿ ಉದ್ದಕ್ಕೆ ಸೀಳುವುದಿಲ್ಲ, ಸೌತೆಕಾಯಿ ಹೆಚ್ಚಿದ ಹಾಗೆ ಅಡ್ಡಕ್ಕೆ ಬಿಲ್ಲೆಬಿಲ್ಲೆಯಾಗಿ ಕೊಯ್ಯುತ್ತಾರೆ. ಉದ್ದ ಸೀಳಿದ ಹಲಗೆಯಲ್ಲಿ ಮರದ ಎಳೆಗಳು ಮಲಗಿರುತ್ತವೆ. ಚಾಕು ಎಳೆಯ ಗುಂಟ ಹೋದರೆ ಜಾರುತ್ತದೆ, ಅಡ್ಡ ಹೋದರೆ ಸಿಬಿರೇಳುತ್ತದೆ. ಅಡ್ಡ ಕೊಯ್ದ ಮುಖದಲ್ಲಿ ಎಳೆಗಳೆಲ್ಲ ತುದಿಯ ಮೇಲೆ ನಿಂತಿರುತ್ತವೆ, ಬಿಗಿಯಾಗಿ ಕಟ್ಟಿದ ಕಡ್ಡಿಗಳ ಕಟ್ಟನ್ನು ಮೇಲಿನಿಂದ ನೋಡಿದ ಹಾಗೆ. ಆಗ ಉಳಿ ಯಾವ ದಿಕ್ಕಿಗೆ ತಿರುಗಿದರೂ ಒಂದೇ ಸಮನೆ ಕೊಯ್ಯುತ್ತದೆ. ಹಕ್ಕಿಯ ಕತ್ತಿನ ಸುತ್ತ ಬಳಸುವ ಗೆರೆ ಎಲ್ಲಿಯೂ ಮುಗ್ಗರಿಸದೆ ಬರುವುದು ಇದರಿಂದ.

ತೊಂದರೆ ಅಳತೆಯದು. ಬಾಕ್ಸ್ ಮರದ ಕಾಂಡ ಒಂದು ಗೇಣು ಅಗಲ ಇದ್ದರೆ ಅದೇ ದೊಡ್ಡದು. ನಡುವಿನ ತಿರುಳಿನಿಂದ ನಕ್ಷತ್ರದಂತೆ ಬಿರುಕು ಹೊರಡುತ್ತದೆ, ಆ ಭಾಗ ಕೆಲಸಕ್ಕೆ ಬಾರದು. ಉಳಿದದ್ದರಲ್ಲಿ ಮೂರು ನಾಲ್ಕು ಅಂಗುಲದ ಚೌಕ ಸಿಕ್ಕಿದರೆ ಪುಣ್ಯ. ಬ್ಯೂಯಿಕ್‌ನ ಪ್ರಾಣಿಪಕ್ಷಿಗಳೆಲ್ಲ ಅಂಗೈಯೊಳಗೆ ಹಿಡಿಸುವಷ್ಟಿರುವುದಕ್ಕೆ ಮೊದಲ ಕಾರಣ ಮರವೇ. ಬಿಲ್ಲೆಗಳನ್ನು ಮೊಳೆಯ ಎತ್ತರಕ್ಕಿಂತ ಸ್ವಲ್ಪ ದಪ್ಪಗೆ ಕೊಯ್ದು, ಗಾಳಿಯಾಡುವ ನೆರಳಿನಲ್ಲಿ, ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ವರ್ಷಗಟ್ಟಲೆ ಒಣಗಿಸುತ್ತಾರೆ. ಅವಸರ ಮಾಡಿ ಬೆಂಕಿಯ ಬಳಿ ಇಟ್ಟರೆ ಸೀಳುತ್ತದೆ. ಒಣಗಿದ ಮೇಲೆ ಮುಖವನ್ನು ಉಕ್ಕಿನ ತಗಡಿನಿಂದ ಹೆರೆದು ಗಾಜಿನಷ್ಟು ನುಣುಪು ಮಾಡಬೇಕು. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಾಗ ಗೀರೊಂದು ಕಂಡರೂ ಅದು ಮುದ್ರಣದಲ್ಲಿ ಬಿಳಿ ಕೂದಲಾಗಿ ಕಾಣಿಸುತ್ತದೆ.

ಮೂರನೆಯ ದಿನ: ಹ್ಯಾಂಕಾಕ್ ಮ್ಯೂಸಿಯಂ

ಈ ದಿನ ಪೂರ್ತಿ ನ್ಯೂಕಾಸಲ್‌ನ ಗ್ರೇಟ್ ನಾರ್ತ್ ಮ್ಯೂಸಿಯಂ: ಹ್ಯಾಂಕಾಕ್‌ಗೆ ಮೀಸಲು. ಹೇಮಾರ್ಕೆಟ್ ಮೆಟ್ರೊ ನಿಲ್ದಾಣದಿಂದ ಹತ್ತಿರ. 1829ರಲ್ಲಿ ಲಿಟ್ ಅಂಡ್ ಫಿಲ್‌ನಿಂದ ಕವಲೊಡೆದ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಗ್ರಂಥಾಲಯ ಇದರೊಳಗಿದೆ. ಬ್ಯೂಯಿಕ್ ತನ್ನ ಹಕ್ಕಿಗಳ ಪುಸ್ತಕಕ್ಕೆ ಮಾಡಿಕೊಂಡ ಜಲವರ್ಣ ಚಿತ್ರಗಳು ಇಲ್ಲಿವೆ. ಮೂಲಚಿತ್ರ ನೋಡಬೇಕೆಂದರೆ ಮೊದಲೇ ಬರೆದು ಕೇಳಬೇಕು. ಜೊತೆಗೆ ಮುದ್ರಿತ ಪುಸ್ತಕವನ್ನೂ ಕೇಳಿ ಪಕ್ಕದಲ್ಲಿಟ್ಟುಕೊಂಡರೆ ಲಾಭ ಹೆಚ್ಚು. ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಪೀಸ್ ಸಂಗ್ರಹವೆಂಬ ಇನ್ನೊಂದು ಬ್ಯೂಯಿಕ್ ಭಂಡಾರವಿದೆ. ಒಂದೇ ದಿನಕ್ಕೆ ಎರಡನ್ನೂ ತುರುಕುವುದು ಬೇಡ.

ಮ್ಯೂಸಿಯಂನ ಕೆಳಗಿನ ಅಂತಸ್ತಿನಲ್ಲೇ ಒಂದು ಪಾಠವಿದೆ. 1798ರಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನ ಗವರ್ನರ್ ಜಾನ್ ಹಂಟರ್ ಲಿಟ್ ಅಂಡ್ ಫಿಲ್‌ಗೆ ಅಲ್ಲಿನ ಪ್ರಾಣಿಗಳಾದ ಒಂದು ವಾಂಬ್ಯಾಟ್‌ನ ದೇಹವನ್ನೂ ಪ್ಲಾಟಿಪಸ್ಸಿನ ಚರ್ಮವನ್ನೂ ಕಳಿಸಿದರು. ಬ್ಯೂಯಿಕ್ 1800ರಲ್ಲಿ ತಂದ ತನ್ನ ಚತುಷ್ಪಾದಿಗಳ ಪುಸ್ತಕದ ನಾಲ್ಕನೆಯ ಮುದ್ರಣಕ್ಕೆ ಎರಡನ್ನೂ ಸೇರಿಸಿದ. ಆ ವಾಂಬ್ಯಾಟ್ ಈಗಲೂ ಇಲ್ಲಿದೆ. ಜೀವಂತ ಪ್ರಾಣಿಯನ್ನು ಕಾಣದೆ ಕೆತ್ತಿದ ಚಿತ್ರಕ್ಕೂ ಹೊಲದಲ್ಲಿ ದಿನವೂ ಕಂಡ ಗುಬ್ಬಿಯ ಚಿತ್ರಕ್ಕೂ ಇರುವ ಅಂತರವನ್ನು ಇಲ್ಲಿ ಅಳೆಯಬಹುದು. ಬ್ಯೂಯಿಕ್‌ಗೆ ಅದು ಚೆನ್ನಾಗಿ ಗೊತ್ತಿತ್ತು. 1791ರಲ್ಲಿ ಅವನು ಟೀಸ್ ನದಿಯ ದಂಡೆಯ ವಿಕ್ಲಿಫ್‌ಗೆ ಹೋಗಿ, ಆಗ ತೀರಿಕೊಂಡಿದ್ದ ಮಾರ್ಮಡ್ಯೂಕ್ ಟನ್‌ಸ್ಟಾಲ್‌ರ ಸಂಗ್ರಹದ ಹಕ್ಕಿಗಳನ್ನು ಎರಡು ತಿಂಗಳು ಕೂತು ಬರೆದುಕೊಂಡ. ಒಳಗೆ ತುಂಬಿಸಿ ನಿಲ್ಲಿಸಿದ ಹಕ್ಕಿಗಳ ಕತ್ತು ಸೊಟ್ಟ, ಗರಿ ಕೆದರಿದ್ದು, ನಿಲುವು ಸುಳ್ಳು. ಮರಳಿ ಬಂದ ಮೇಲೆ ಬದುಕಿದ ಹಕ್ಕಿ, ಇಲ್ಲವೆ ಆಗತಾನೆ ಸತ್ತ ಹಕ್ಕಿ ಸಿಗುವವರೆಗೆ ಕಾಯುವುದೇ ಮೇಲೆಂದು ತೀರ್ಮಾನಿಸಿದ. ಊರೂರಿನ ಗೆಳೆಯರು ಅವನಿಗೆ ಹಕ್ಕಿಗಳನ್ನು ಕಳಿಸತೊಡಗಿದರು.

ಈಗ ಜಲವರ್ಣ ಚಿತ್ರಗಳಿಗೆ ಬರೋಣ. ಕಾಗದಗಳ ಅಂಚಿನಲ್ಲಿ ಮಡಿಕೆಯ ಗುರುತು, ಚಿತ್ರದ ಹೊರಗೆರೆಯ ಮೇಲೆ ಚೂಪು ಕಡ್ಡಿ ಆಡಿಸಿದ ತಗ್ಗು ಕಾಣುತ್ತವೆ. ಚಿತ್ರ ಮರಕ್ಕೆ ಇಳಿದದ್ದು ಹೀಗೆ: ಮುದ್ರಣದ ಅಳತೆಯಲ್ಲೇ ಚಿತ್ರ ಬರೆಯುವುದು, ಕಾಗದದ ಹಿಂಬದಿಗೆ ಸೀಸದ ಕಡ್ಡಿಯ ಪುಡಿ ತಿಕ್ಕುವುದು, ಕಾಗದವನ್ನು ಅಚ್ಚಿನ ಮೇಲಿಟ್ಟು ಅಲ್ಲಾಡದಂತೆ ಅಂಚುಗಳನ್ನು ಮಡಿಸುವುದು, ಮೊಂಡು ಮೊನೆಯಿಂದ ಮುಖ್ಯ ಗೆರೆಗಳನ್ನಷ್ಟೇ ಒತ್ತುವುದು. ಮುದ್ರಿಸಿದಾಗ ಚಿತ್ರ ಎಡಬಲ ಮಗುಚುತ್ತದೆ. ಬಣ್ಣದ ಚಿತ್ರದಲ್ಲಿ ಎಡಕ್ಕೆ ನೋಡುವ ಹಕ್ಕಿ ಪುಸ್ತಕದಲ್ಲಿ ಬಲಕ್ಕೆ ನೋಡುವುದು ಇದರಿಂದಲೇ. ಗರಿಯೊಂದೊಂದರ ಗೆರೆಯನ್ನೂ ಬ್ಯೂಯಿಕ್ ಮರಕ್ಕೆ ಇಳಿಸಿಕೊಳ್ಳಲಿಲ್ಲ. ಅದನ್ನು ಉಳಿಯಿಂದಲೇ ನೇರವಾಗಿ ಬರೆದ. ಅವನ ಕೆಲಸಕ್ಕೂ ಇನ್ನೊಬ್ಬರ ಪೆನ್ನಿನ ಚಿತ್ರವನ್ನು ಗೆರೆಗೆ ಗೆರೆ ನಕಲು ಮಾಡುವ ಕೆತ್ತನೆಗೂ ಇರುವ ವ್ಯತ್ಯಾಸ ಇದೇ, ನಮ್ಮ ಮಟ್ಟಿಗೆ ಇದೇ ಅವನ ದೊಡ್ಡತನ.

ಉಳಿಗಳು ನಾಲ್ಕು ಬಗೆಯವು ಸಾಕು. ಬ್ಯೂರಿನ್ನಿನ ಅಡ್ಡಕೊಯ್ತ ವಜ್ರಾಕಾರದ್ದು. ಒತ್ತಿದಷ್ಟೂ ಆಳ, ಆಳವಾದಷ್ಟೂ ಗೆರೆ ದಪ್ಪ. ಸ್ಪಿಟ್‌ಸ್ಟಿಕರಿನ ಪಕ್ಕೆಗಳು ಉಬ್ಬಿ ಕೆಳಗೆ ಚೂಪಾಗಿರುತ್ತವೆ, ಬಾಗುವ ಗೆರೆಗೆ ಅದೇ ಬೇಕು. ಟಿಂಟ್ ಉಳಿ ಒಂದೇ ದಪ್ಪದ ಸಾಲುಗೆರೆಗೆ, ಆಕಾಶಕ್ಕೆ, ನೀರಿಗೆ. ಸ್ಕಾರ್ಪರ್ ದೊಡ್ಡ ಬಿಳಿ ಜಾಗವನ್ನು ಕೆತ್ತಿ ತೆಗೆಯಲು. ಚೌಕ ಮೂತಿಯ ಸ್ಕಾರ್ಪರನ್ನು ಬಿಗಿಯಾದ ತಿರುವಿನಲ್ಲಿ ಓಡಿಸಿದರೆ ಅದರ ಹಿಂಬದಿಯ ಮೂಲೆ ಗೆರೆಯ ದಡವನ್ನು ಗೀರುತ್ತದೆ. ಹೊಸಬರು ಮೊದಲು ಮಾಡುವ ತಪ್ಪು ಅದು.

ಉಳಿಯ ಹಿಡಿ ಅಣಬೆಯ ಆಕಾರದ್ದು, ಕೆಳಬದಿ ಚಪ್ಪಟೆ. ಅದು ಅಂಗೈಯ ಗುಳಿಯಲ್ಲಿ ಕೂರಬೇಕು, ಹೆಬ್ಬೆರಳು ಮರದ ಮೇಲೆ ಊರಬೇಕು, ಉಳಿಯ ತುದಿ ಹೆಬ್ಬೆರಳಿನಾಚೆ ಒಂದೆರಡು ಸೆಂಟಿಮೀಟರ್ ಮಾತ್ರ ಚಾಚಿರಬೇಕು. ಉದ್ದ ಹೆಚ್ಚಾದರೆ ಹಿಡಿತ ತಪ್ಪುತ್ತದೆ, ಆದ್ದರಿಂದ ಉಕ್ಕನ್ನು ಅವರವರ ಕೈಗೆ ತಕ್ಕಂತೆ ತುಂಡರಿಸಿ ಹಿಡಿ ಹಾಕುತ್ತಾರೆ. ತಳ್ಳುವುದು ಅಂಗೈ, ತಡೆಯುವುದು ಹೆಬ್ಬೆರಳು. ಅಚ್ಚನ್ನು ಮರಳು ತುಂಬಿದ ಚಪ್ಪಟೆ ಚರ್ಮದ ಚೀಲದ ಮೇಲಿಟ್ಟು, ಬಾಗುಗೆರೆ ಬಂದಾಗ ಎಡಗೈಯಿಂದ ಅಚ್ಚನ್ನೇ ಉಳಿಯ ಎದುರಿಗೆ ತಿರುಗಿಸುತ್ತಾರೆ. ಉಳಿ ಹಿಡಿದ ಕೈ ಹೆಚ್ಚು ಅಲುಗುವುದಿಲ್ಲ. ಉಳಿಯನ್ನು ಮರಕ್ಕೆ ಬಹಳ ತಗ್ಗಿಸಿಯೇ ಹಿಡಿಯಬೇಕು. ಕೋನ ಹೆಚ್ಚಾದರೆ ಮೊನೆ ಮರದೊಳಕ್ಕೆ ಹೂತು ನಿಂತುಬಿಡುತ್ತದೆ. ಆಗ ಜೋರು ಮಾಡಿದರೆ ಒಮ್ಮೆಲೇ ಚಿಮ್ಮಿ ಹಕ್ಕಿಯ ಮೈಮೇಲೆಲ್ಲ ಗೀರುತ್ತದೆ. ಕೋನ ತೀರ ಕಮ್ಮಿಯಾದರೆ ಮೇಲೆಯೇ ಜಾರುತ್ತದೆ.

ಮೊಂಡು ಉಳಿಯಷ್ಟು ಹಾನಿ ಮಾಡುವುದು ಬೇರೆ ಯಾವುದೂ ಇಲ್ಲ. ಅದು ಕೊಯ್ಯುವುದಿಲ್ಲ, ಹಿಸುಕುತ್ತದೆ. ಗೆರೆಯ ದಡ ಪುಡಿಯಾಗಿ ಮುದ್ರಣದಲ್ಲಿ ಬೂದು ಬಣ್ಣ ಬರುತ್ತದೆ. ಉಳಿಯ ಮುಖವನ್ನು ಸುಮಾರು 45 ಡಿಗ್ರಿಗೆ ಎಣ್ಣೆಗಲ್ಲಿನ ಮೇಲೆ ಚಪ್ಪಟೆಯಾಗಿ ಕೂರಿಸಿ ಮಸೆಯಬೇಕು. ಇನ್ನೂ ಚೂಪು ಮಾಡಿದರೆ ಮೊನೆ ಮುರಿಯುತ್ತದೆ. ಯಂತ್ರದ ಚಕ್ರಕ್ಕೆ ಒತ್ತಿ ಉಕ್ಕು ನೀಲಿಗಟ್ಟಿದರೆ ಅದರ ಹದ ಹೋಯಿತೆಂದೇ ಅರ್ಥ, ಆ ತುದಿಯನ್ನು ಮುರಿದು ಎಸೆಯುವುದೇ ದಾರಿ.

ಕೆತ್ತುವ ಮೊದಲು ಮುಖಕ್ಕೆ ತೆಳುವಾಗಿ ಕಪ್ಪು ಶಾಯಿ ಬಳಿದರೆ ಕೊಯ್ದ ಗೆರೆ ಹಳದಿಯಾಗಿ ಎದ್ದು ಕಾಣುತ್ತದೆ. ಇದು ಈಗಿನವರ ಪದ್ಧತಿ. ಅಲ್ಲಿಂದ ಕೆಲಸವೆಲ್ಲ ಕತ್ತಲೆಯೊಳಗಿಂದ ಬೆಳಕನ್ನು ತೆಗೆಯುವುದು. ಗೂಬೆಯ ಎದೆಯನ್ನು ನೋಡಿ. ಗರಿಯ ಮೆತ್ತನೆ ಬರುವುದು ಗೆರೆಗಳಿಂದಲ್ಲ, ಗರಿ ಬೆಳೆದ ದಿಕ್ಕಿನಲ್ಲೇ ಹೊಡೆದ, ಶುರುವಿನಲ್ಲಿ ತೆಳು, ನಡುವೆ ದಪ್ಪ, ಕೊನೆಗೆ ಮತ್ತೆ ತೆಳುವಾಗುವ ಚಿಕ್ಕಚಿಕ್ಕ ಏಟುಗಳಿಂದ. ಟಿಟ್ಟಿಭದ ಬೆನ್ನಿನ ಹೊಳಪಿಗೆ ಉದ್ದನೆಯ ಒತ್ತುಗೆರೆ. ಜಲಪಕ್ಷಿಯ ಕೊಕ್ಕು ಹೆಚ್ಚುಕಡಿಮೆ ಕಪ್ಪಾಗಿಯೇ ಉಳಿದು, ಮೇಲಂಚಿನಲ್ಲಿ ಒಂದೇ ಒಂದು ಬಿಳಿ ಗೆರೆ ಹೊಂದಿ ಗಟ್ಟಿಯಾಗಿ ಕಾಣುತ್ತದೆ. ಬಿಳಿ ಎದೆಯ ಹಕ್ಕಿಗೆ ಹೊರಗೆರೆ ಎಳೆದರೆ ಅದು ಕತ್ತರಿಸಿ ಅಂಟಿಸಿದ ಹಾಗಾಗುತ್ತದೆ. ಬ್ಯೂಯಿಕ್ ಹಿಂದೆ ಒಂದು ಪೊದೆಯನ್ನೋ ದಂಡೆಯ ನೆರಳನ್ನೋ ಇಟ್ಟ. ಪೊದೆಯ ಕಪ್ಪೇ ಹಕ್ಕಿಯ ಅಂಚಾಯಿತು. ಆ ಪೊದೆ ಅಲಂಕಾರಕ್ಕೆ ಬಂದದ್ದಲ್ಲ, ಆ ಹಕ್ಕಿ ಬಾಳುವ ಜಾಗವೂ ಅದೇ ಆಗಿರುತ್ತದೆ.

ತಪ್ಪಾದರೆ ಅಳಿಸುವಂತಿಲ್ಲ. ಉಳಿಯ ಬೆನ್ನು ಒತ್ತಿ ತಗ್ಗಾಗಿದ್ದರೆ ಮಾತ್ರ ಒಂದು ಹನಿ ನೀರು ಬಿಟ್ಟು ಬಿಸಿ ತಾಗಿಸಿದರೆ ಮರ ಊದಿ ಮೇಲೇಳುತ್ತದೆ. ಗೆರೆಯೇ ತಪ್ಪಿ ಹೋಗಿದ್ದರೆ ಆ ಜಾಗಕ್ಕೆ ದುಂಡು ತೂತು ಕೊರೆದು, ಬಾಕ್ಸ್ ಮರದ್ದೇ ಬೆಣೆ ಬಿಗಿಯಾಗಿ ಹೊಡೆದು, ಮಟ್ಟಸ ಮಾಡಿ ಮತ್ತೆ ಕೆತ್ತಬೇಕು. ಬೆಣೆ ಸಡಿಲವಾದರೆ ಮುದ್ರಣದಲ್ಲಿ ಸಣ್ಣ ಬಿಳಿ ಉಂಗುರ ಕಾಣುತ್ತದೆ. ಹಳೆಯ ಚಿತ್ರಗಳನ್ನು ಮಸೂರದಲ್ಲಿ ನೋಡುವವರು ಇಂಥ ಉಂಗುರಗಳನ್ನು ಹುಡುಕಿ ನೋಡಬೇಕು.

ಇನ್ನೊಂದು ಸೂಕ್ಷ್ಮ ಬ್ಯೂಯಿಕ್ ಬಹಳ ಬಳಸಿದ್ದು: ತಗ್ಗಿಸುವುದು. ದೂರದ ಬೆಟ್ಟ, ಮಂಜು, ಆಕಾಶ ಮಸುಕಾಗಿ ಬರಬೇಕಾದ ಕಡೆ ಕೆತ್ತುವ ಮೊದಲೇ ಮರದ ಮುಖವನ್ನು ಒಂದೆರಡು ಕಾಗದದ ದಪ್ಪದಷ್ಟು ಹೆರೆದು ತಗ್ಗು ಮಾಡುತ್ತಿದ್ದ. ಅಲ್ಲಿ ಒತ್ತಡ ಕಮ್ಮಿ ಬಿದ್ದು ಗೆರೆ ಬೂದಾಗಿ ಬರುತ್ತದೆ. ಹೆಚ್ಚು ಹೆರೆದರೆ ಗೆರೆಯೇ ಬರುವುದಿಲ್ಲ. ಚೌಕಟ್ಟಿಲ್ಲದೆ ಬಿಳಿ ಕಾಗದದಲ್ಲಿ ಕರಗುವ ಪುಟ್ಟ ಚಿತ್ರಗಳಿಗೆ ಇದು ಅನಿವಾರ್ಯ, ಏಕೆಂದರೆ ಅಂಚಿನ ಗೆರೆಗಳ ಮೇಲೆ ಕಾಗದ ಬಾಗಿ ಹೆಚ್ಚು ಒತ್ತುತ್ತದೆ. ಅಂಚನ್ನು ಇಳಿಜಾರು ಮಾಡದಿದ್ದರೆ ಚಿತ್ರದ ಸುತ್ತ ಕಪ್ಪು ಗಡಸು ಬರುತ್ತದೆ. ಆ ಕಾಲದಲ್ಲಿ ಶಾಯಿ ಹಚ್ಚುತ್ತಿದ್ದದ್ದು ಉಣ್ಣೆ ತುಂಬಿದ ಚರ್ಮದ ಉಂಡೆಗಳಿಂದ. ಉಂಡೆಯಲ್ಲಿ ಶಾಯಿ ಒಂದಿಷ್ಟು ಹೆಚ್ಚಾದರೂ ತೆಳು ಬಿಳಿ ಗೆರೆಗಳು ತುಂಬಿಕೊಂಡು ಹಕ್ಕಿಯ ಎದೆ ಮಸಿಯಾಗುತ್ತಿತ್ತು. ಒಂದೇ ಮುದ್ರಣದ ಎರಡು ಪ್ರತಿಗಳನ್ನು ಪಕ್ಕಪಕ್ಕ ಇಟ್ಟರೆ ಒಂದರಲ್ಲಿ ಗರಿ, ಇನ್ನೊಂದರಲ್ಲಿ ಬರೀ ಕಪ್ಪು. ಪ್ರತಿ ಕೊಳ್ಳುವವರು ಹೊದಿಕೆಯನ್ನಲ್ಲ, ಇದನ್ನು ನೋಡಬೇಕು.

ಪುಸ್ತಕಗಳ ಲೆಕ್ಕ ಚುಟುಕಾಗಿ: ಚತುಷ್ಪಾದಿಗಳದು 1790, ನೆಲದ ಹಕ್ಕಿಗಳದು 1797, ನೀರಹಕ್ಕಿಗಳದು 1804. 1797ರಲ್ಲಿ ಹಕ್ಕಿ ಪುಸ್ತಕದ ಕರ್ತೃ ಯಾರೆಂಬ ಜಗಳಕ್ಕೆ ಬೀಲ್ಬಿಯ ಜೊತೆಗಿನ ಪಾಲುದಾರಿಕೆ ಮುರಿಯಿತು. ಅಧ್ಯಾಯದ ಕೊನೆಯ ಪುಟ್ಟ ಚಿತ್ರಗಳಲ್ಲಿ ಹಲವಕ್ಕೆ ಶಿಷ್ಯ ರಾಬರ್ಟ್ ಜಾನ್ಸನ್‌ನ ಬಣ್ಣದ ಚಿತ್ರ ಮೂಲ, ಎರಡನೆಯ ಸಂಪುಟದ ಹಲವನ್ನು ಕೆತ್ತಿದವನು ಇನ್ನೊಬ್ಬ ಶಿಷ್ಯ ಲ್ಯೂಕ್ ಕ್ಲೆನೆಲ್. ಎಲ್ಲವೂ ಗುರುವಿನ ಹೆಸರಿನಲ್ಲೇ ಉಳಿದಿವೆ. ಈ ಹುಡುಗರ ಹೆಸರನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ.

ನಾಲ್ಕನೆಯ ದಿನ: ಚಿಲ್ಲಿಂಗ್‌ಹ್ಯಾಮ್

ಉತ್ತರಕ್ಕೆ, ವೂಲರ್ ಪೇಟೆಯ ಹತ್ತಿರ. ಅಲ್ನ್‌ಮತ್‌ವರೆಗೆ ರೈಲಿದೆ, ಅಲ್ಲಿಂದಾಚೆಗೆ ವಾಹನ ಗೊತ್ತು ಮಾಡಿಕೊಳ್ಳಬೇಕು. ಇಲ್ಲಿನ ಹುಲ್ಲುಗಾವಲಿನಲ್ಲಿ ಬಿಳಿ ಮೈ, ಕೆಂಪು ಕಿವಿಯ ಕಾಡುದನಗಳ ಹಿಂಡಿದೆ. ಶತಮಾನಗಳಿಂದ ಹೊರಗಿನ ರಕ್ತ ಬೆರೆತಿಲ್ಲ. 1947ರ ಚಳಿಗಾಲದಲ್ಲಿ ಹಿಂಡು 13ಕ್ಕೆ ಇಳಿದಿತ್ತು, ಈಗ ಮತ್ತೆ ನೂರು ದಾಟಿದೆ. ಕಾವಲುಗಾರರ ಜೊತೆಯಲ್ಲೇ ಒಳಗೆ ಹೋಗಬೇಕು. ಅದು ಸರಿಯಾದ ನಿಯಮ, ಇವು ಸಾಕಿದ ದನಗಳಲ್ಲ.

1789ರಲ್ಲಿ ಟನ್‌ಸ್ಟಾಲ್ ಕೇಳಿದ್ದಕ್ಕೆ ಬ್ಯೂಯಿಕ್ ಇಲ್ಲಿಗೆ ಬಂದ. ಹಿಂಡಿನ ಬಳಿ ಹೋಗಲು ಸಾಧ್ಯವಾಗಲಿಲ್ಲ. ಕಾದಾಟದಲ್ಲಿ ಸೋತು ಹಿಂಡಿನಿಂದ ಹೊರಬಿದ್ದ ಒಂಟಿ ಹೋರಿಯೊಂದನ್ನು ಗಾಳಿಗೆ ಎದುರಾಗಿ ಅಂಬೆಗಾಲಿಡುತ್ತ ಸಮೀಪಿಸಿ ಬರೆದುಕೊಂಡ. ಆ ಚಿತ್ರ ಅಲ್ಲಿಯವರೆಗೆ ಅವನು ಕೆತ್ತಿದ್ದರಲ್ಲೇ ದೊಡ್ಡದು, ಎಲೆ, ತೊಗಟೆ, ಹೋರಿಯ ಕತ್ತಿನ ಮಡಿಕೆ ಎಲ್ಲವೂ ತುಂಬಿದ್ದು. ತೊಗಲಿನ ಮೇಲೂ ಕಾಗದದ ಮೇಲೂ ಕೆಲವೇ ಪ್ರತಿ ತೆಗೆಯುವಷ್ಟರಲ್ಲಿ ಅಚ್ಚು ಸೀಳಿತು. ಮುಂದೆ ಲೋಹದ ಚೌಕಟ್ಟಿಗೆ ಬಿಗಿದು ಮತ್ತೆ ಮುದ್ರಿಸಿದರು, ಆದರೆ ಸೀಳು ಬೀಳುವ ಮುಂಚಿನ ಪ್ರತಿಗಳ ಬೆಲೆಯೇ ಬೇರೆ.

ಅಚ್ಚು ಏಕೆ ಸೀಳುತ್ತದೆ? ಅಡ್ಡ ಕೊಯ್ದ ಮರ ಎಳೆಗಳ ತುದಿಯಿಂದ ಬಲು ಬೇಗ ತೇವ ಕುಡಿಯುತ್ತದೆ, ಅಷ್ಟೇ ಬೇಗ ಬಿಡುತ್ತದೆ. ಒಂದು ಮುಖ ಬಿಸಿಲಿಗೋ ದೀಪಕ್ಕೋ ಒಡ್ಡಿಕೊಂಡು ಒಣಗಿ ಕುಗ್ಗಿದರೆ ಇನ್ನೊಂದು ಮುಖ ಹಾಗೇ ಇರುತ್ತದೆ. ಮೊದಲು ಅಚ್ಚು ಬಟ್ಟಲಿನಂತೆ ಬಾಗುತ್ತದೆ, ಆಮೇಲೆ ಬಿರಿಯುತ್ತದೆ. ದೊಡ್ಡ ಅಚ್ಚಿಗೆ ಅಪಾಯ ಹೆಚ್ಚು. ಬಾಗಿದ್ದು ಬೇಗ ಗೊತ್ತಾದರೆ ಗುಳಿಯಾದ ಮುಖವನ್ನು ಕೆಳಗೆ ಮಾಡಿ ತಣ್ಣನೆ ಕಲ್ಲಿನ ಮೇಲೆ ಒಂದು ರಾತ್ರಿ ಇಟ್ಟರೆ ನೆಟ್ಟಗಾಗುತ್ತದೆ. ಬಾಗಿದ ಅಚ್ಚನ್ನೇ ಯಂತ್ರಕ್ಕೆ ಹಾಕಿದರೆ ಒತ್ತಡ ಬಿದ್ದ ಕೂಡಲೇ ಹೋಯಿತು. ಮುದ್ರಿಸಿದ ಮೇಲೆ ನೀರಿನಿಂದ ತೊಳೆಯಬಾರದು, ಟರ್ಪೆಂಟೈನ್ ತಾಗಿಸಿದ ಬಟ್ಟೆಯಿಂದ ಶಾಯಿ ಒರೆಸಬೇಕು. ಎರಡೂ ಮುಖಕ್ಕೆ ಗಾಳಿ ತಾಗುವಂತೆ ನಿಲ್ಲಿಸಿ ಇಡಬೇಕು. ಹೀಗೆ ನೋಡಿಕೊಂಡರೆ ಬಾಕ್ಸ್ ಮರ ತಾಮ್ರಕ್ಕಿಂತ ಬಹಳ ಹೆಚ್ಚು ಬಾಳುತ್ತದೆ. ಪತ್ರಿಕೆಯೊಂದಕ್ಕೆ ತಾನು ಕೆತ್ತಿದ ಚಿಕ್ಕ ಅಚ್ಚು ಒಂಬತ್ತು ಲಕ್ಷಕ್ಕೂ ಮೀರಿ ಮುದ್ರಣ ಕಂಡಿದೆ ಎಂದು ಬ್ಯೂಯಿಕ್ ದಾಖಲಿಸಿದ್ದಾನೆ.

ಐದನೆಯ ದಿನ: ಗೇಟ್ಸ್‌ಹೆಡ್

ನ್ಯೂಕಾಸಲ್‌ನಿಂದ ಸೇತುವೆ ದಾಟಿದರೆ ಗೇಟ್ಸ್‌ಹೆಡ್. ಬ್ಯೂಯಿಕ್ ಕೊನೆಯ ವರ್ಷಗಳನ್ನು ಕಳೆದದ್ದು ಇಲ್ಲಿಯ ವೆಸ್ಟ್ ಸ್ಟ್ರೀಟಿನಲ್ಲಿ. 1827ರಲ್ಲಿ ಅಮೆರಿಕದ ಹಕ್ಕಿಗಳ ಚಿತ್ರಕಾರ ಜಾನ್ ಜೇಮ್ಸ್ ಆಡುಬನ್ ಅವನನ್ನು ನೋಡಲು ಬಂದ. ಒಬ್ಬ ಹಕ್ಕಿಯ ನಿಜ ಅಳತೆಗೆ ಸುಮಾರು ಒಂದು ಮೀಟರ್ ಎತ್ತರದ ಕಾಗದ ಬಳಸುವವನು, ಇನ್ನೊಬ್ಬ ಮೂರಂಗುಲದ ಮರದವನು. ಅಮೆರಿಕದ ಒಂದು ಪುಟ್ಟ ಹಕ್ಕಿಗೆ ಆಡುಬನ್ ಬ್ಯೂಯಿಕ್‌ನ ಹೆಸರಿಟ್ಟ. 1830ರಲ್ಲಿ ವಿಲಿಯಂ ಯಾರೆಲ್ ಒಂದು ಹಂಸಕ್ಕೂ ಅದೇ ಹೆಸರಿಟ್ಟ. ಬೀದಿಯಲ್ಲಿ ಈಗ ನೋಡುವಂಥದ್ದು ಹೆಚ್ಚಿಲ್ಲ, ಅರ್ಧ ಗಂಟೆ ಸಾಕು.

ಉಳಿದ ಸಮಯವನ್ನು ನ್ಯೂಕಾಸಲ್‌ನ ಸಾರ್ವಜನಿಕ ಗ್ರಂಥಾಲಯದಲ್ಲಿ ಅವನ ಕೊನೆಯ ದೊಡ್ಡ ಚಿತ್ರದ ಮುಂದೆ ಕಳೆಯಬೇಕು. ತಲೆ ತಗ್ಗಿಸಿ ನಿಂತ ಮುದಿ ಕುದುರೆ, ಪಕ್ಕೆಲುಬು ಎಣಿಸಬಹುದು, ಹೆಸರು 'ಸಾವಿಗಾಗಿ ಕಾದು'. ದುಡಿಸಿ ಬಿಟ್ಟ ಪ್ರಾಣಿಗಳ ಪಾಡನ್ನು ಜನ ನೋಡಲೆಂದು, ಬಡವರ ಮನೆಯ ಗೋಡೆಗೂ ಎಟುಕುವ ಬೆಲೆಯಲ್ಲಿ ಇಂಥ ದೊಡ್ಡ ಚಿತ್ರಗಳನ್ನು ತರಬೇಕೆಂಬುದು ಅವನ ಆಸೆ. ಒಂದೇ ತುಂಡಿನಲ್ಲಿ ಅಷ್ಟು ದೊಡ್ಡ ಬಾಕ್ಸ್ ಮರ ಸಿಗದು, ತುಂಡುಗಳನ್ನು ಬಿಗಿದು ಮಾಡಿದ ಅಚ್ಚು ಅದು. ಒಂದೇ ಅಚ್ಚಿನಲ್ಲಿ ಕಪ್ಪು, ಬೂದು, ಬಿಳಿ ಮೂರರ ಆಳವೂ ಸಾಲದೆಂದು ಒಂದರ ಮೇಲೊಂದು ಅಚ್ಚು ಒತ್ತುವ ಯೋಚನೆಯೂ ಅವನಿಗಿತ್ತು. ಎರಡನೆಯ ಅಚ್ಚಿಗೆ ಕೈ ಹಾಕಲು ಆಗಲಿಲ್ಲ. 1828ರ ನವೆಂಬರ್ 8ರಂದು ಅವನು ತೀರಿಕೊಂಡ. ಆ ಅಚ್ಚನ್ನು ಮಗ ರಾಬರ್ಟ್ 1832ರಲ್ಲಿ ಪ್ರಕಟಿಸಿದ.

ಮಸೂರ ಹಿಡಿದು ಕುದುರೆಯ ಹಿಂದಿನ ಆಕಾಶವನ್ನು ನೋಡಿದರೆ ಕೆಲವೆಡೆ ಗೆರೆಗಳು ಇನ್ನೂ ಬಿಡಿಬಿಡಿಯಾಗಿ, ಒರಟಾಗಿ ಇವೆ. ಕುದುರೆಯ ಮೈಯಲ್ಲಿ ಮಾತ್ರ ಮೂಳೆಯ ಮೇಲೆ ಜೋತ ಚರ್ಮದ ಒಂದೊಂದು ಸುಕ್ಕಿಗೂ ಒಂದೊಂದು ಬಿಳಿ ಗೆರೆ ಇಟ್ಟು ಮುಗಿಸಿದ್ದಾನೆ.